ಊರಿಗಿಂತ ಹಿರಿಯ ಕೆರೆ

ಹೈದರಾಬಾದ್ ನಗರಕ್ಕೆ ಬುನಾದಿ ಬಿದ್ದದ್ದು 1591ರಲ್ಲಿ. ಹುಸೇನ್ ಸಾಗರ ಅದಕ್ಕೂ ಸುಮಾರು ಮೂವತ್ತು ವರ್ಷ ಹಿರಿಯದು. ಗೋಲ್ಕೊಂಡದ ಸುಲ್ತಾನ ಇಬ್ರಾಹಿಂ ಕುತುಬ್ ಷಾನ ಆಳ್ವಿಕೆಯಲ್ಲಿ, ಹುಸೇನ್ ಷಾ ವಲಿಯ ಉಸ್ತುವಾರಿಯಲ್ಲಿ ಕಟ್ಟೆ ಎದ್ದಿತು. ಮೂಸಿ ನದಿಯಿಂದ ಕಾಲುವೆ ತೋಡಿ ನೀರು ಹಾಯಿಸಿದರು.

1806ರಲ್ಲಿ ಕೆರೆಯಾಚೆ ಬ್ರಿಟಿಷರ ದಂಡು ಸಿಕಂದರಾಬಾದ್ ಎಂಬ ಹೆಸರು ಪಡೆಯಿತು. ನಡುವಿನ ಏರಿಯೇ ಅವಳಿ ನಗರಗಳ ಹಾದಿಯಾಯಿತು. ಇಂದು ಟ್ಯಾಂಕ್ ಬಂಡ್ ಎಂದರೆ ಬಸ್ಸು, ಆಟೊ, ಬೈಕುಗಳ ಗದ್ದಲ. ಅವುಗಳಲ್ಲಿ ಕೂತವರಿಗೆ ತಾವು ಕೆರೆ ಏರಿಯ ಮೇಲಿದ್ದೇವೆಂಬ ನೆನಪೂ ಇರುವುದಿಲ್ಲ.

ಕೆರೆಯ ಪಾಡು ಬದಲಾಗಲು ಕಾರಣವಾದದ್ದು ಇನ್ನೊಂದು ನೀರು. 1908ರ ಸೆಪ್ಟೆಂಬರಿನಲ್ಲಿ ಮೂಸಿ ಉಕ್ಕಿ ಸಾವಿರಾರು ಜನ ಸತ್ತರು. ಪ್ರವಾಹ ತಡೆಗೆ ದಾರಿ ತೋರಲು ನಿಜಾಮರು ಕರೆಸಿದ್ದು ಮುದ್ದೇನಹಳ್ಳಿಯ ಎಂ. ವಿಶ್ವೇಶ್ವರಯ್ಯನವರನ್ನು. ನದಿಯ ಮೇಲ್ದಂಡೆಯಲ್ಲೇ ನೀರು ತಡೆದು ನಿಲ್ಲಿಸಬೇಕೆಂಬುದು ಅವರ ಸಲಹೆ. ಅದರಂತೆ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಸಿದ್ಧವಾದವು. ಊರಿಗೆ ಕುಡಿಯುವ ನೀರೂ ಅಲ್ಲಿಂದಲೇ ಬರತೊಡಗಿತು. ಅಲ್ಲಿಯವರೆಗೆ ಊರಿನ ದಾಹ ತಣಿಸುತ್ತಿದ್ದ ಹುಸೇನ್ ಸಾಗರದ ಹಂಗು ಯಾರಿಗೂ ಉಳಿಯಲಿಲ್ಲ.

ಆಮೇಲೆ ಆಳುವವರ ಕಣ್ಣು ಬಿದ್ದದ್ದು ದಡದ ಮೇಲೆ. ಮೈಸೂರಿನ ದಿವಾನಗಿರಿ ಮುಗಿಸಿ ಹೈದರಾಬಾದಿಗೆ ಬಂದ ಸರ್ ಮಿರ್ಜಾ ಇಸ್ಮಾಯಿಲ್ 1946ರಲ್ಲಿ ಏರಿಯನ್ನು ಅಗಲ ಮಾಡಿಸಿದರು. ಕಲಬುರಗಿ, ಬೀದರ್, ರಾಯಚೂರಿನವರಿಗೆ ಆಗ ರಾಜಧಾನಿ ಇದೇ ಊರು. 1980ರ ದಶಕದಲ್ಲಿ ಎನ್.ಟಿ. ರಾಮರಾವ್ ಸರ್ಕಾರ ಏರಿಯನ್ನು ಮತ್ತೆ ಅಗಲಿಸಿ, ಉದ್ದಕ್ಕೂ ಪ್ರತಿಮೆಗಳನ್ನು ಸಾಲಾಗಿ ನಿಲ್ಲಿಸಿತು. ವೇಮನ, ಮೊಲ್ಲರ ಜೊತೆಗೆ ಅಲ್ಲಿ ಕೃಷ್ಣದೇವರಾಯನಿದ್ದಾನೆ, ರಂಗನಟ ಬಳ್ಳಾರಿ ರಾಘವರೂ ಇದ್ದಾರೆ.

ಕೆರೆಯ ನಡುವಿನ ಬುದ್ಧನೂ ರಾಮರಾವ್ ಅವರ ಕನಸೇ. ಎಸ್.ಎಂ. ಗಣಪತಿ ಸ್ಥಪತಿ ರಾಯಗಿರಿಯ ಒಂದೇ ಬಂಡೆಯಲ್ಲಿ ಕಡೆದ ಮೂರ್ತಿ, ಸುಮಾರು 18 ಮೀಟರ್ ಎತ್ತರ. 1990ರ ಮಾರ್ಚಿನಲ್ಲಿ ಸಾಗಿಸುವಾಗ ತೆಪ್ಪ ವಾಲಿ ಮೂರ್ತಿ ಮುಳುಗಿತು; ಕೆಲಸಗಾರರ ಜೀವವೂ ಹೋಯಿತು. ಎರಡು ವರ್ಷಕ್ಕೂ ಹೆಚ್ಚು ಕಾಲ ನೀರೊಳಗಿದ್ದ ಬುದ್ಧನನ್ನು ಎತ್ತಿ ನಿಲ್ಲಿಸಿದ್ದು 1992ರ ಡಿಸೆಂಬರಿನಲ್ಲಿ. ಈಗ ಲುಂಬಿನಿ ಪಾರ್ಕಿನಿಂದ ದೋಣಿ ಹತ್ತಿದರೆ ಪೀಠದವರೆಗೂ ಹೋಗಿ ಬರಬಹುದು.

2011ರ ಮಾರ್ಚಿನಲ್ಲಿ ಪ್ರತ್ಯೇಕ ತೆಲಂಗಾಣದ ಹೋರಾಟಗಾರರು ಏರಿಯ ಮೇಲಿನ ಹಲವು ಪ್ರತಿಮೆಗಳನ್ನು ಕೆಡವಿದರು. ತಮ್ಮ ಸೀಮೆಯವರಿಗೆ ಆ ಸಾಲಿನಲ್ಲಿ ತಕ್ಕ ಜಾಗ ಸಿಕ್ಕಿಲ್ಲವೆಂಬುದು ಅವರ ಸಿಟ್ಟು. ಹೊಸ ರಾಜ್ಯ ಬಂದ ಮೇಲೆ, 2023ರಲ್ಲಿ, ಕೆರೆಯ ಬಳಿ ಹೊಸ ಸಚಿವಾಲಯವೂ 125 ಅಡಿಯ ಅಂಬೇಡ್ಕರ್ ಪ್ರತಿಮೆಯೂ ತಲೆಯೆತ್ತಿದವು.

ಇಷ್ಟೆಲ್ಲ ಆದರೂ ಕೂಕಟ್‌ಪಲ್ಲಿ ನಾಲೆ ದಶಕಗಳ ಕಾಲ ಕಾರ್ಖಾನೆಗಳ ಕೊಳಕನ್ನೂ ಮನೆಗಳ ಚರಂಡಿ ನೀರನ್ನೂ ಕೆರೆಗೆ ತಂದು ಸುರಿದಿದೆ. ಶುದ್ಧೀಕರಣ ಘಟಕಗಳು ಬಂದಿವೆ, ಹೂಳೆತ್ತುವ ಕೆಲಸವೂ ನಡೆದಿದೆ; ಬೇಸಿಗೆಯಲ್ಲಿ ಏರಿಯ ಮೇಲೆ ನಿಂತವರ ಮೂಗಿಗೆ ಮಾತ್ರ ಅದರ ಗುರುತು ಸಿಗುವುದಿಲ್ಲ. ದಡಕ್ಕೆ ಇನ್ನೊಂದು ಪ್ರತಿಮೆ ಬರುವ ಮೊದಲು ಆ ನಾಲೆಯ ನೀರು ತಿಳಿಯಾಗಬೇಕು.