ನಾಜೂಕು

ಮೂಲದಲ್ಲಿ ಪಾರಸಿಯದಾದರೂ ‘ನಾಜೂಕು’ ನಮ್ಮ ಬಾಯಲ್ಲಿ ಚೆನ್ನಾಗಿ ಪಳಗಿದೆ. ಹಸುಗೂಸಿನ ಚರ್ಮ ನಾಜೂಕು. ಮನೆ ಪಾಲಿನ ವಿಷಯ ನಾಜೂಕಿನದು, ಹಿರಿಯರೇ ಕೂತು ಮಾತಾಡಬೇಕು. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಸೀರೆ ಮಡಚುವ ಹುಡುಗನಿಗೆ ‘ನಾಜೂಕಾಗಿ ಹಿಡಿಯೋ, ಜರಿ ಎಳೆದೀತು’ ಎನ್ನುತ್ತಾರೆ. ಮನುಷ್ಯರಿಗೆ ಅಂಟಿಸಿದಾಗ ಮಾತ್ರ ಪದದ ದನಿ ಬದಲಾಗುತ್ತದೆ. ಕೈಗೆ ಕೆಸರು ತಾಗಿಸಿಕೊಳ್ಳದವನು ನಾಜೂಕಯ್ಯ.

ಹದಿನೆಂಟನೆಯ ಶತಮಾನದ ಫ್ರಾನ್ಸಿನ ಶ್ರೀಮಂತರನ್ನು ನೋಡಿದ್ದರೆ ನಮ್ಮವರು ಹಾಗೆಯೇ ಕರೆಯುತ್ತಿದ್ದರು. ಅಲ್ಲಿನ ಚಿತ್ರಕಾರ ಫ್ರಾಗೊನಾರ್ ಸುಮಾರು 1767ರಲ್ಲಿ ಬರೆದ ‘ಉಯ್ಯಾಲೆ’ ಚಿತ್ರದಲ್ಲಿ ಗುಲಾಬಿ ರೇಷ್ಮೆಯ ಹೆಣ್ಣೊಬ್ಬಳು ಜೀಕುತ್ತಾಳೆ. ಕಾಲಿನ ಚಪ್ಪಲಿ ಗಾಳಿಗೆ ಹಾರಿದೆ. ಪೊದೆಯಲ್ಲಿ ಪ್ರಿಯಕರ ಅಡಗಿದ್ದಾನೆ. ಈ ಶೈಲಿಗೆ ರೊಕೊಕೊ ಎಂಬ ಹೆಸರು ಬಂದದ್ದು ಆಮೇಲೆ, ಅದೂ ಅಣಕಕ್ಕೆ. ಚಿಪ್ಪು, ಕಲ್ಲುಹರಳುಗಳ ಅಲಂಕಾರಕ್ಕಿದ್ದ ‘ರೊಕಾಯ್’ ಎಂಬ ಪದವನ್ನೇ ತಿರುಚಿದರು. 1789ರ ಕ್ರಾಂತಿ ಕಂಡವರಿಗೆ ಆ ಸುಖ ಸಹ್ಯವಾಗದಿದ್ದುದು ಸಹಜವೇ. ಆದರೆ ರೇಷ್ಮೆಯ ಒಂದೊಂದು ನೆರಿಗೆಯನ್ನೂ ಬೆಳಕಿಗೆ ಹಿಡಿದ ಕುಂಚ ಸೋಮಾರಿಯದಲ್ಲ. ಉಟ್ಟವಳ ಮೇಲಿನ ಸಿಟ್ಟು ಬರೆದವನ ಮೇಲೆ ಬಿತ್ತು.

ನಮ್ಮಲ್ಲೂ ನಾಜೂಕು ಅರಮನೆಯ ಸೊತ್ತು ಎಂದುಕೊಳ್ಳುವವರಿದ್ದಾರೆ. ಶಿವಮೊಗ್ಗದಲ್ಲಿ ಶಿವಪ್ಪನಾಯಕನ ಹೆಸರಿನ ಅರಮನೆಗೇ ಹೋಗಿ ನೋಡಿ. ಈಗ ಅದು ವಸ್ತುಸಂಗ್ರಹಾಲಯ. ದರ್ಬಾರು ಹಾಲಿನಲ್ಲಿ ಕಣ್ಣಿಗೆ ಹೊಡೆಯುವುದು ಮರದ ದಪ್ಪ ಕಂಬಗಳ ಗತ್ತು. ನಾಜೂಕು ಬೇಕಾದರೆ ಭದ್ರಾವತಿಗೆ ಬರಬೇಕು. ಕಬ್ಬಿಣದ ಕಾರ್ಖಾನೆಯಿಂದ ಹೆಸರಾದ ಈ ಊರಿನಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವಿದೆ, ಮೂರು ಗರ್ಭಗುಡಿಗಳ ತ್ರಿಕೂಟ. ಅದರ ಬಳಪದ ಕಲ್ಲು ನೆಲದಿಂದ ತೆಗೆದಾಗ ಮೆದು, ಗಾಳಿಗೆ ಬಿದ್ದಂತೆ ಗಟ್ಟಿಯಾಗುತ್ತದೆ. ಆ ಮೆದುತನ ಇರುವಾಗಲೇ ಕೊಳಲೂದುವ ವೇಣುಗೋಪಾಲನ ಬೆರಳು ಬಿಡಿಸಬೇಕು. ಒಂದು ಪೆಟ್ಟು ಜೋರಾದರೆ ಬೆರಳು ಹೋಯಿತು, ಮತ್ತೆ ಅಂಟಿಸುವಂತಿಲ್ಲ.

ಸಾಗರ, ಸೊರಬದ ಗುಡಿಗಾರರು ಇಂದಿಗೂ ಗಂಧದ ಕೊರಡಿನ ಮೇಲೆ ಅದೇ ಎಚ್ಚರದಿಂದ ಉಳಿ ಆಡಿಸುತ್ತಾರೆ. ಬಳ್ಳಿಯೊಳಗೆ ಬಳ್ಳಿ, ಎಲೆಯ ಮರೆಯಲ್ಲಿ ಹಕ್ಕಿ. ಕಣ್ಣು, ಬೆನ್ನು, ಕತ್ತು ಎಲ್ಲವನ್ನೂ ಸವೆಸುವ ದುಡಿಮೆ ಅದು. ನನ್ನ ಮಟ್ಟಿಗೆ ನಾಜೂಕು ಎಂಬ ಮಾತು ಸಲ್ಲಬೇಕಾದದ್ದು ಇವರ ಕೈಗೆ, ಕೊಂಡು ಶೋಕೇಸಿನಲ್ಲಿಟ್ಟವರಿಗಲ್ಲ. ಸಾಗರದ ಕಡೆ ಹೋದಾಗ ಗುಡಿಗಾರರ ಕೆಲಸ ನೋಡಿ ಬನ್ನಿ. ಬೆಲೆ ಚೌಕಾಸಿ ಮಾಡುವ ಮೊದಲು ಅವರ ಸಣ್ಣ ಉಳಿಯನ್ನೊಮ್ಮೆ ಕೇಳಿ ಪಡೆದು ಕೈಯಲ್ಲಿ ಹಿಡಿಯಿರಿ.