ಮಿಂಚಂಚೆಯ ಮಾರ್ಗನಿರ್ಣಯ

ಕಾಗದ ಬರೆಯುವವನು ಮೇಲುವಿಳಾಸವನ್ನು ಬರೆದು ಪೆಟ್ಟಿಗೆಯಲ್ಲಿ ಹಾಕುವನಲ್ಲದೆ, ಅದು ಯಾವ ರೈಲಿನಲ್ಲಿ ಹೋಗಿ ಯಾವ ಊರಿನಲ್ಲಿ ಇಳಿಯಬೇಕೆಂಬುದನ್ನು ಯೋಚಿಸುವುದಿಲ್ಲ. ಆ ಚಿಂತೆ ಅಂಚೆಯವರದು. ಈಗ ಮನೆಮನೆಯಲ್ಲಿಯೂ ಬಳಕೆಯಲ್ಲಿರುವ ಮಿಂಚಂಚೆಯಲ್ಲಿ, ಅಂದರೆ ಇ-ಮೇಲ್‌ನಲ್ಲಿ, ಈ ಸೌಕರ್ಯವು ಎಲ್ಲರಿಗೂ ಮೊದಲಿನಿಂದ ಇದ್ದುದಲ್ಲ. ಕೆಲವು ಕಾಲ ಕಾಗದ ಬರೆಯುವವನೇ ದಾರಿಯನ್ನೂ ಬರೆಯಬೇಕಾಗಿದ್ದಿತು.

1971ರಲ್ಲಿ ಅಮೆರಿಕದ ಕೇಂಬ್ರಿಜ್ ನಗರದಲ್ಲಿ ರೇ ಟಾಮ್‌ಲಿನ್‌ಸನ್ ಎಂಬವನು ಒಂದು ಗಣಕಯಂತ್ರದಿಂದ ಇನ್ನೊಂದಕ್ಕೆ ಕಾಗದವನ್ನು ಕಳುಹಿಸಿ, ವ್ಯಕ್ತಿಯ ಹೆಸರಿಗೂ ಯಂತ್ರದ ಹೆಸರಿಗೂ ನಡುವೆ @ ಎಂಬ ಚಿಹ್ನೆಯನ್ನಿಟ್ಟನು. ಅರ್ಪಾನೆಟ್ಟೆಂಬ ಆ ಜಾಲದಲ್ಲಿ ಯಂತ್ರಗಳು ಕೆಲವೇ ಆದುದರಿಂದ ಅವುಗಳ ಹೆಸರಿನ ಪಟ್ಟಿಯೊಂದಿದ್ದರೆ ಸಾಕಾಗಿದ್ದಿತು.

ಆ ಜಾಲಕ್ಕೆ ಪ್ರವೇಶವಿಲ್ಲದವರ ಪಾಡು ಬೇರೆ. ಬೆಲ್ ಪ್ರಯೋಗಶಾಲೆಯಲ್ಲಿ ಹುಟ್ಟಿ 1979ರ ಯುನಿಕ್ಸ್ ಏಳನೆಯ ಆವೃತ್ತಿಯೊಡನೆ ಹರಡಿದ ಯು.ಯು.ಸಿ.ಪಿ. ಎಂಬ ಪದ್ಧತಿಯಲ್ಲಿ, ಒಂದು ಯಂತ್ರವು ನೆರೆಯ ಯಂತ್ರಕ್ಕೆ ಟೆಲಿಫೋನಿನ ಮೂಲಕ ಕರೆಮಾಡಿ ಕಾಗದಗಳ ಕಟ್ಟನ್ನು ಒಪ್ಪಿಸುತ್ತಿದ್ದಿತು. ಬಾಡಿಗೆ ಕಡಮೆಯಾದ ರಾತ್ರಿಯ ವೇಳೆಯೇ ಇದಕ್ಕೆ ಪ್ರಶಸ್ತ. ದೂರದವನಿಗೆ ಬರೆಯಬೇಕಾದರೆ ನಡುವಣ ಯಂತ್ರಗಳನ್ನೆಲ್ಲ ಆಶ್ಚರ್ಯಸೂಚಕ ಚಿಹ್ನೆಗಳಿಂದ ಪೋಣಿಸಿ ವಿಳಾಸವಾಗಿ ಬರೆಯಬೇಕು. ನಡುವಿನದೊಂದು ಯಂತ್ರ ಕೆಟ್ಟಿತೋ, ಕಾಗದವು ಅಲ್ಲಿಯೇ ಉಳಿಯಿತು! ಇಲಿನಾಯ್ ಪ್ರಾಂತದಲ್ಲಿದ್ದ ಐ.ಎಚ್.ಎನ್.ಪಿ.4 ಎಂಬ ಬೆಲ್ಲಿನ ಯಂತ್ರವು ದೊಡ್ಡ ಜಂಕ್ಷನ್ ಇದ್ದಂತೆ. ಅನೇಕರು ತಮ್ಮ ವಿಳಾಸವನ್ನು ಅಲ್ಲಿಂದಲೇ ಎಣಿಸಿ ಹೇಳುತ್ತಿದ್ದರು.

ಈ ಎರಡು ರೀತಿಗಳು ಬೆರೆತಾಗ ವಿಪರೀತವಾಯಿತು. ಕ!ಖ@ಗ ಎಂದು ಬರೆದರೆ ಅದರ ಅರ್ಥವೇನು? ಕ ಎಂಬಲ್ಲಿಗೆ ಹೋಗಿ, ಅಲ್ಲಿಂದ ಗ ಎಂಬಲ್ಲಿರುವ ಖನನ್ನು ಸೇರಬೇಕೇ? ಅಥವಾ ಮೊದಲು ಗ ಎಂಬಲ್ಲಿಗೆ ಹೋಗಿ, ಅಲ್ಲಿಂದ ಕ ಎಂಬಲ್ಲಿರುವ ಖನನ್ನು ಸೇರಬೇಕೇ? ಒಂದೇ ಸಮಾಸಕ್ಕೆ ಎರಡು ವಿಗ್ರಹವಾಕ್ಯಗಳು. ಒಂದೊಂದು ಜಾಲದವರು ಒಂದೊಂದನ್ನು ಹಿಡಿದರು.

ಬರ್ಕ್‌ಲಿ ವಿಶ್ವವಿದ್ಯಾನಿಲಯದ ಎರಿಕ್ ಆಲ್‌ಮನ್ನನು ಮೊದಲು ಡೆಲಿವರ್‌ಮೇಲ್ ಎಂಬುದನ್ನೂ, 1983ರ ಹೊತ್ತಿಗೆ ಸೆಂಡ್‌ಮೇಲ್ ಎಂಬುದನ್ನೂ ರಚಿಸಿದುದು ಈ ತೊಡಕಿನಿಂದಲೇ. ಅದರಲ್ಲಿ ವಿಳಾಸವನ್ನು ನಿಯಮಗಳ ಸರಣಿಯಿಂದ ತಿದ್ದಿ ತಿದ್ದಿ ಕೊನೆಗೆ ಗಮ್ಯಸ್ಥಾನವನ್ನು ಪಡೆಯುವುದು. ಸ್ಥಾನಿಯನ್ನು ತೆಗೆದು ಆದೇಶವನ್ನಿಡುವ ವ್ಯಾಕರಣಪ್ರಕ್ರಿಯೆಯನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ. ಸೂತ್ರಗಳು ಕ್ಲಿಷ್ಟವೆಂಬ ಅಪವಾದವೂ ಇದಕ್ಕೆ ತಪ್ಪಲಿಲ್ಲ. ಹನಿಮನ್, ಬೆಲೊವಿನ್ ಎಂಬವರು ಟೆಲಿಫೋನು ದಾರಿಗಳ ನಕ್ಷೆಯಿಂದ ಅಲ್ಪವ್ಯಯದ ಮಾರ್ಗವನ್ನು ಗುಣಿಸುವ ಪಾತ್‌ಏಲಿಯಾಸ್ ಎಂಬ ಉಪಾಯವನ್ನೂ ಮಾಡಿಕೊಟ್ಟರು.

ನಿಜವಾದ ಪರಿಹಾರವು ಸರಳವಾದುದು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಎಂಬವನು ಜಾಲದ ಹೆಸರುಗಳಿಗೆ ಒಂದು ವ್ಯವಸ್ಥೆಯನ್ನು ಪ್ರಕಟಿಸಿದ್ದನಷ್ಟೆ. 1986ರಲ್ಲಿ ಕ್ರೇಗ್ ಪಾರ್ಟ್‌ರಿಜ್ ಎಂಬವನು ಅದರಲ್ಲಿ ಎಂ.ಎಕ್ಸ್. ಎಂಬ ದಾಖಲೆಯನ್ನು ಬಳಸುವ ಕ್ರಮವನ್ನು ವಿಧಿಸಿದನು. ಒಂದು ಹೆಸರಿನ ಅಂಚೆಯನ್ನು ಯಾವ ಯಾವ ಯಂತ್ರಗಳು ಸ್ವೀಕರಿಸಬೇಕೆಂಬುದು ಅಲ್ಲಿ ಬರೆದಿರುವುದು. ಪ್ರತಿಯೊಂದರ ಎದುರಿಗೂ ಒಂದು ಅಂಕಿ. ಚಿಕ್ಕ ಅಂಕಿಗೆ ಅಗ್ರಪೂಜೆ. 10ರ ಯಂತ್ರವು ಮಲಗಿದ್ದರೆ 20ರದು ಕಾಗದವನ್ನು ಇಟ್ಟುಕೊಂಡು, ಅದು ಎದ್ದಾಗ ಕೊಡುವುದು. ಹೀಗೆ ಇಟ್ಟುಕೊಂಡ ಯಂತ್ರವು ಪಟ್ಟಿಯಿಂದ ತನ್ನನ್ನೂ ತನಗೆ ಸಮಾನವಾದ ಅಥವಾ ಮಿಗಿಲಾದ ಅಂಕಿಯವರನ್ನೂ ಹೊಡೆದುಹಾಕಬೇಕೆಂಬ ವಿಧಿಯೇ ಇದರ ಜೀವಾಳ. ಅದಿಲ್ಲದಿದ್ದರೆ 20ರ ಎರಡು ಯಂತ್ರಗಳು ಒಂದೇ ಕಾಗದವನ್ನು ಚೆಂಡಿನಂತೆ ಆಡಿಸುತ್ತಿದ್ದುವು. ಟೆಲಿಫೋನೊಂದೇ ಗತಿಯಾಗಿದ್ದ ಬಡಯಂತ್ರಕ್ಕೂ ಇನ್ನು @ ವಿಳಾಸವು ದೊರೆಯಿತು. ನೆರೆಯ ಯಂತ್ರದ ಹೆಸರನ್ನು ದಾಖಲೆಯಲ್ಲಿ ಬರೆಸಿದರಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿದ್ದ ನಮ್ಮ ಎರ್ನೆಟ್ ಜಾಲವು ಆರಂಭವಾದುದು ಅದೇ 1986ರಲ್ಲಿ.

ಇಷ್ಟಕ್ಕೂ ಆಧಾರವು ನೆರೆಹೊರೆಯ ವಿಶ್ವಾಸ. ಯಾರ ಕಾಗದವನ್ನಾದರೂ ಯಾರಿಗಾದರೂ ಸಾಗಿಸುವುದು ಆಗ ಮರ್ಯಾದೆಯೆನಿಸಿದ್ದಿತು. 1990ರ ದಶಕದಲ್ಲಿ ಸರಕು ಮಾರುವವರು ಇತರರ ಯಂತ್ರಗಳ ಮೂಲಕ ಬೇಡದ ಕಾಗದಗಳನ್ನು ಸುರಿಸಲಾರಂಭಿಸಿದರು. 1998ರಲ್ಲಿ ಹೊರಬಂದ ಸೆಂಡ್‌ಮೇಲ್ 8.9 ಪರರ ಅಂಚೆಯನ್ನು ಸಾಗಿಸುವುದನ್ನು ತಾನಾಗಿಯೇ ನಿಲ್ಲಿಸಿತು. ಅಂದಿನಿಂದ ಸರ್ವರನ್ನು ಅಣಿಮಾಡುವವನು ಯಾರ ಕಾಗದವನ್ನು ಮುಂದಕ್ಕೆ ಒಯ್ಯಬೇಕೆಂಬುದನ್ನು ಹೆಸರು ಹಿಡಿದು ಬರೆಯಬೇಕು. ಬರೆಯದಿದ್ದರೆ ಹಳೆಯ ನೆರೆಯವನ ಕಾಗದವೂ ಬಾಗಿಲಿನಿಂದಲೇ ಹಿಂದಿರುಗುವುದು.