ಮದ್ಯವ್ಯಸನ ಚೇತರಿಕೆಯ ಬೆಂಬಲ ಗುಂಪು

ಮದ್ಯವ್ಯಸನ ಚೇತರಿಕೆಯ ಬೆಂಬಲ ಗುಂಪು ಎಂದರೆ ಕುಡಿತದ ಚಟದಿಂದ ಹೊರಬರಲು ಬಯಸುವವರೂ ಈಗಾಗಲೇ ಹೊರಬಂದವರೂ ಗೊತ್ತಾದ ಸ್ಥಳದಲ್ಲಿ, ಗೊತ್ತಾದ ವೇಳೆಗೆ ಸೇರಿ ತಮ್ಮ ಅನುಭವಗಳನ್ನು ಹಂಚಿಕೊಳ್ಳುವ ಕೂಟ. ಇಂತಹ ಗುಂಪುಗಳನ್ನು ಹೆಚ್ಚಾಗಿ ಸದಸ್ಯರೇ ನಡೆಸುತ್ತಾರೆ. ಇವುಗಳಲ್ಲಿ ಆಲ್ಕೊಹಾಲಿಕ್ಸ್ ಅನಾನಿಮಸ್ (ಎಎ) ಅತ್ಯಂತ ಪ್ರಸಿದ್ಧವಾದುದು. ಆಸ್ಪತ್ರೆಯ ಚಿಕಿತ್ಸೆ ಕೆಲವು ದಿನ ಅಥವಾ ವಾರಗಳಲ್ಲಿ ಮುಗಿಯುತ್ತದೆ. ಆದರೆ ಮನೆಗೆ ಮರಳಿದ ವ್ಯಕ್ತಿಗೆ ಹಳೆಯ ಗೆಳೆಯರು, ಹಳೆಯ ದಾರಿ, ಹಳೆಯ ಸಂಜೆಗಳು ಮತ್ತೆ ಎದುರಾಗುತ್ತವೆ. ಆದುದರಿಂದಲೇ ವಾಸಸ್ಥಳಕ್ಕೆ ಸಮೀಪದ ಗುಂಪಿಗೆ ಚೇತರಿಕೆಯಲ್ಲಿ ಮಹತ್ವದ ಸ್ಥಾನವಿದೆ.

ಹಿನ್ನೆಲೆ

1935ರ ಮೇ ತಿಂಗಳಿನಲ್ಲಿ ನ್ಯೂಯಾರ್ಕಿನ ಬಿಲ್ ವಿಲ್ಸನ್ ವ್ಯವಹಾರ ನಿಮಿತ್ತ ಅಮೆರಿಕದ ಓಹಾಯೋ ರಾಜ್ಯದ ಆಕ್ರನ್ ನಗರಕ್ಕೆ ಹೋಗಿದ್ದರು. ಅವರು ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಕೈಗೊಂಡ ಕೆಲಸ ಕೈಗೂಡದೆ ಹೋದಾಗ ಮತ್ತೆ ಕುಡಿಯುವ ಭಯ ಅವರನ್ನು ಆವರಿಸಿತು. ತಂಗಿದ್ದ ಹೋಟೆಲಿನಿಂದ ಊರಿನ ಪಾದ್ರಿಗಳಿಗೆ ದೂರವಾಣಿ ಕರೆ ಮಾಡಿ, ತಮ್ಮಂತೆಯೇ ಕುಡಿತದಿಂದ ನರಳುತ್ತಿರುವ ಒಬ್ಬರ ಪರಿಚಯ ಮಾಡಿಸಲು ಕೋರಿದರು. ಹೀಗೆ ಶಸ್ತ್ರವೈದ್ಯ ಡಾ. ಬಾಬ್ ಸ್ಮಿತ್ ಅವರ ಭೇಟಿಯಾಯಿತು. ಸ್ಮಿತ್ ಕುಡಿತ ತ್ಯಜಿಸಿದ ದಿನವೆಂದು ಎಎ ಗುರುತಿಸುವ 1935ರ ಜೂನ್ 10ನ್ನೇ ಅದರ ಸ್ಥಾಪನಾ ದಿನವೆಂದು ಪರಿಗಣಿಸಲಾಗಿದೆ. 1939ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಚೇತರಿಕೆಯ ಹನ್ನೆರಡು ಹೆಜ್ಜೆಗಳನ್ನು ನಿರೂಪಿಸಲಾಯಿತು.

ಸಭೆಯ ಸ್ವರೂಪ

ಕುಡಿತ ನಿಲ್ಲಿಸುವ ಬಯಕೆಯೊಂದೇ ಎಎ ಸದಸ್ಯತ್ವಕ್ಕೆ ಅರ್ಹತೆ. ಪ್ರವೇಶ ಶುಲ್ಕವಿಲ್ಲ, ಸದಸ್ಯರು ಸ್ವಇಚ್ಛೆಯಿಂದ ನೀಡುವ ಹಣದಿಂದ ಖರ್ಚು ನಿಭಾಯಿಸಲಾಗುತ್ತದೆ. ಪೂರ್ಣ ಹೆಸರು, ಉದ್ಯೋಗ, ಜಾತಿ ಇತ್ಯಾದಿಗಳನ್ನು ಹೇಳಬೇಕಾಗಿಲ್ಲ. ಮೊದಲ ಸಲ ಬಂದವರು ಮಾತನಾಡದೆ ಕೇವಲ ಕೇಳಬಹುದು. ಮುಕ್ತ ಸಭೆಗಳಿಗೆ ಆಸಕ್ತರೆಲ್ಲರೂ ಬರಬಹುದು. ಮುಚ್ಚಿದ ಸಭೆಗಳು ಕುಡಿತದ ತೊಂದರೆಯುಳ್ಳವರಿಗೆ ಮಾತ್ರ ಮೀಸಲು. ಸಭೆ ಚರ್ಚಿನ ಅಥವಾ ಶಾಲೆಯ ಕೊಠಡಿಯಲ್ಲಿ ನಡೆದರೂ ಗುಂಪು ಆ ಸಂಸ್ಥೆಗೆ ಸೇರಿದ್ದೆಂದು ಅರ್ಥವಲ್ಲ.

ಕರ್ನಾಟಕದಲ್ಲಿ

ಬೆಂಗಳೂರು ಮೊದಲಾದ ನಗರಗಳಲ್ಲಿ ಎಎ ಸಭೆಗಳು ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ನಡೆಯುತ್ತವೆ. ಗ್ರಾಮೀಣ ಭಾಗದಲ್ಲಿ ಶ್ರೀ ಕ್ಷೇತ್ರ ಧರ್ಮಸ್ಥಳದ ಆಶ್ರಯದ ಜನಜಾಗೃತಿ ವೇದಿಕೆಯು ಮದ್ಯವರ್ಜನ ಶಿಬಿರಗಳನ್ನು ಏರ್ಪಡಿಸುತ್ತ ಬಂದಿದೆ. ಶಿಬಿರದಲ್ಲಿ ಕುಡಿತ ಬಿಟ್ಟವರು ತಮ್ಮ ಊರುಗಳಲ್ಲಿ ನವಜೀವನ ಸಮಿತಿಗಳಲ್ಲಿ ಸೇರಿ ಒಬ್ಬರಿಗೊಬ್ಬರು ಆಸರೆಯಾಗುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ.

ಗುಂಪನ್ನು ಕಂಡುಕೊಳ್ಳುವ ಬಗೆ

ಜಿಲ್ಲಾ ಆಸ್ಪತ್ರೆ ಅಥವಾ ವೈದ್ಯಕೀಯ ಕಾಲೇಜಿನ ಮನೋವೈದ್ಯಕೀಯ ವಿಭಾಗದಲ್ಲಿ ವಿಚಾರಿಸುವುದು ಸುಲಭದ ಮಾರ್ಗ. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446 ಮತ್ತು ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416, ಇವೆರಡೂ ಉಚಿತ. ಸಭೆಯ ಸ್ಥಳ ಮತ್ತು ವೇಳೆ ಬದಲಾಗುವುದುಂಟು. ಹೊರಡುವ ಮುನ್ನ ಖಚಿತಪಡಿಸಿಕೊಳ್ಳುವುದು ಒಳಿತು.

ಗುರುತು ಸಿಕ್ಕೀತೆಂಬ ಸಂಕೋಚದಿಂದ ಸ್ವಂತ ಊರಿನ ಸಭೆಗೆ ಹೋಗಲಾರದವರು ಪಕ್ಕದ ಊರಿನ ಸಭೆಗೆ ಹೋಗಬಹುದು. ಒಂದು ಗುಂಪು ಹಿಡಿಸದಿದ್ದರೆ ಮತ್ತೊಂದನ್ನು ನೋಡಬಹುದು. ಒಂದೇ ಸಭೆಯಿಂದ ತೀರ್ಮಾನಕ್ಕೆ ಬರಬೇಕಾಗಿಲ್ಲ. ದೊಡ್ಡ ಮೊತ್ತದ ಹಣ ಕೇಳುವ, ವೈದ್ಯರು ಕೊಟ್ಟ ಔಷಧಿ ನಿಲ್ಲಿಸಲು ಹೇಳುವ ಅಥವಾ ಗುಣಪಡಿಸುವ ಖಾತರಿ ನೀಡುವ ಗುಂಪಿನಿಂದ ದೂರವಿರುವುದು ಕ್ಷೇಮ.

ವೈದ್ಯಕೀಯ ಎಚ್ಚರಿಕೆ

ಬೆಂಬಲ ಗುಂಪು ಆಸ್ಪತ್ರೆಗೆ ಪರ್ಯಾಯವಲ್ಲ. ಬಹುಕಾಲ ಪ್ರತಿದಿನ ಹೆಚ್ಚು ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಬೆವರು, ನಿದ್ರಾಹೀನತೆ ಕಾಣಿಸಿಕೊಳ್ಳಬಹುದು. ಕೆಲವರಲ್ಲಿ ಮೊದಲ ಎರಡು ದಿನಗಳೊಳಗೆ ಅಪಸ್ಮಾರದಂತಹ ಸೆಳೆತ, ಎರಡರಿಂದ ನಾಲ್ಕು ದಿನಗಳಲ್ಲಿ ಭ್ರಮೆ ಮತ್ತು ತೀವ್ರ ಗೊಂದಲ ಉಂಟಾಗುತ್ತವೆ. ಇದು ಪ್ರಾಣಾಪಾಯದ ಸ್ಥಿತಿ. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಆದ್ದರಿಂದ ಅಂಥವರು ವೈದ್ಯರ ಸಲಹೆ ಪಡೆದೇ ಕುಡಿತ ನಿಲ್ಲಿಸುವುದು ಸೂಕ್ತ.

ಕುಟುಂಬದವರಿಗೆ

ಮದ್ಯವ್ಯಸನಿಗಳ ಬಂಧುಗಳಿಗಾಗಿ 1951ರಲ್ಲಿ ಅಲ್-ಅನಾನ್ ಸಂಘಟನೆ ಆರಂಭವಾಯಿತು. ಬಿಲ್ ವಿಲ್ಸನ್ ಅವರ ಪತ್ನಿ ಲೋಯಿಸ್ ಇದರ ಸ್ಥಾಪಕರಲ್ಲೊಬ್ಬರು. ಮನೆಯವರು ಕುಡಿತ ಬಿಡಲು ಇನ್ನೂ ಒಪ್ಪದಿದ್ದರೂ ಪತ್ನಿ, ತಂದೆತಾಯಿ, ಮಕ್ಕಳು ಇಲ್ಲಿಗೆ ಬರಬಹುದು.

ಪರಿಣಾಮ ಮತ್ತು ಮಿತಿಗಳು

2020ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆಯು 27 ಅಧ್ಯಯನಗಳನ್ನು ಪರಿಶೀಲಿಸಿತು. ರೋಗಿಗಳನ್ನು ಎಎ ಸಭೆಗಳತ್ತ ಕ್ರಮಬದ್ಧವಾಗಿ ಒಯ್ಯುವ ಚಿಕಿತ್ಸಾಕ್ರಮವು, ನಿರಂತರವಾಗಿ ಕುಡಿತದಿಂದ ದೂರವಿರುವ ವಿಷಯದಲ್ಲಿ ಇತರ ಸ್ಥಾಪಿತ ಚಿಕಿತ್ಸೆಗಳಿಗಿಂತ ಹೆಚ್ಚು ಫಲಕಾರಿ ಎಂದು ಅದು ಕಂಡುಕೊಂಡಿತು. ಹನ್ನೆರಡು ಹೆಜ್ಜೆಗಳಲ್ಲಿರುವ ದೈವದ ಉಲ್ಲೇಖ ಎಲ್ಲರಿಗೂ ಒಪ್ಪಿಗೆಯಾಗುವುದಿಲ್ಲ. ಅಂಥವರಿಗೆ ಸ್ಮಾರ್ಟ್ ರಿಕವರಿಯಂತಹ ಧಾರ್ಮಿಕವಲ್ಲದ ಗುಂಪುಗಳಿವೆ. ಚೇತರಿಕೆಯ ನಡುವೆ ಕೆಲವರು ಮತ್ತೆ ಕುಡಿತಕ್ಕೆ ಜಾರುವುದುಂಟು. ಹಾಗೆ ಜಾರಿದವರಿಗೂ ಸಭೆಯ ಬಾಗಿಲು ತೆರೆದೇ ಇರುತ್ತದೆ.